ಎರಡು ಓದುಗಳ ನಡುವೆ: ಕೆ.ವಿ.ಎಂ. ಗೂಢಲಿಪಿ ಚಾಲಕದ ತಿದ್ದುಪಡಿಯೊಂದರ ವಿಮರ್ಶೆ

೧

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಮೂಲವೇ ಪ್ರಮಾಣ, ಪ್ರತಿ ಅದರ ಅನುಚರ. ಲಿಪಿಕಾರನು ಎಷ್ಟೇ ಎಚ್ಚರದಿಂದ ಬರೆದರೂ ಪ್ರತಿಯಲ್ಲಿ ಸ್ಖಾಲಿತ್ಯಗಳು ನುಸುಳುತ್ತವೆ. ಆದುದರಿಂದ ಸಂಶಯ ತಲೆದೋರಿದಾಗಲೆಲ್ಲ ಸಂಪಾದಕನು ಮೂಲಕ್ಕೆ ಸಮೀಪವಾದ ಓಲೆಯನ್ನು ಬಿಚ್ಚಿ ಮತ್ತೊಮ್ಮೆ ನೋಡಬೇಕು. ಈ ನಿಯಮ ಸರ್ವತ್ರ ಸಲ್ಲುವುದೆಂದೇ ನಾವು ಭಾವಿಸಿರುತ್ತೇವೆ. ಆದರೆ ಮೂಲವು ಓದುಗನ ಎದುರಿನಲ್ಲಿಯೇ, ಅವನು ಓದುತ್ತಿರುವ ಹೊತ್ತಿನಲ್ಲಿಯೇ, ಇನ್ನೊಬ್ಬನ ಕೈಯಿಂದ ತಿದ್ದಲ್ಪಡುತ್ತಿದ್ದರೆ ಏನಾಗಬೇಕು? ಆಗ ಮತ್ತೊಮ್ಮೆ ನೋಡುವುದೇ ಅಪಾಯಕ್ಕೆ ಕಾರಣವಾಗುತ್ತದೆ. ಒಮ್ಮೆ ಎತ್ತಿಕೊಂಡ ಪ್ರತಿಯೇ ಪ್ರಮಾಣವಾಗಬೇಕಾಗುತ್ತದೆ.

ಇಂಥ ವಿಪರೀತ ಸನ್ನಿವೇಶವೊಂದು ಲಿನಕ್ಸ್ ಕರ್ನಲ್ಲಿನ ಪಾಠದಲ್ಲಿ ಸುಮಾರು ಎರಡೂವರೆ ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ೨೦೨೩ರ ಆಗಸ್ಟ್ ತಿಂಗಳಿನಲ್ಲಿ ಅದನ್ನು ಸರಿಪಡಿಸಲಾಯಿತು. ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಅದಕ್ಕೆ ಸಿ.ವಿ.ಇ.-೨೦೨೩-೪೧೫೫ ಎಂಬ ಅಂಕಿತವಿದೆ. ದೋಷವನ್ನು ಕಂಡು ತಿಳಿಸಿದವರೆಂದು ದಾಖಲೆಯಲ್ಲಿ ಆಂಡಿ ನುಯೆನ್ ಎಂಬವರ ಹೆಸರಿದೆ. ತಿದ್ದುಪಡಿಯನ್ನು ಬರೆದವರು ಆ ಭಾಗದ ಪಾಲಕರಾದ ಪಾವ್ಲೊ ಬೊಂಜಿನಿ. ತಿದ್ದುಪಡಿ ಗಾತ್ರದಲ್ಲಿ ದೊಡ್ಡದಲ್ಲ. ಆದರೆ ಅದು ಎತ್ತುವ ಪ್ರಶ್ನೆ ದೊಡ್ಡದು. ದೋಷವೇನೆಂಬುದನ್ನು ನಿರೂಪಿಸಿ, ಪರಿಹಾರದ ಗುಣಾವಗುಣಗಳನ್ನು ತೂಗಿ, ಆ ಪರಿಹಾರ ಅಷ್ಟು ತಡವಾಗಿ ಬಂದುದೇಕೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರೋಗ್ರಾಮಿನ ಪಾಠವೂ ಒಂದು ಪಾಠವೇ. ಬಹುಜನರು ಬರೆದು ಬಹುಜನರು ತಿದ್ದಿದ ಗ್ರಂಥವೊಂದಕ್ಕೆ ಸಲ್ಲುವ ವಿಮರ್ಶೆ ಅದಕ್ಕೂ ಸಲ್ಲಬೇಕೆಂಬುದು ನಮ್ಮ ನಂಬಿಕೆ.

೨

ವಿಷಯಕ್ಕೆ ಹೊಸಬರಾದ ವಾಚಕರ ಸೌಕರ್ಯಕ್ಕಾಗಿ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಬೇಕಾಗಿದೆ.

ಒಂದು ಭೌತಯಂತ್ರದ ಮೇಲೆ ಹಲವು ಕೃತಕ ಯಂತ್ರಗಳನ್ನು ಏಕಕಾಲದಲ್ಲಿ ನಡೆಸುವ ಪದ್ಧತಿಗೆ ವರ್ಚುವಲೈಸೇಷನ್ ಎಂದು ಹೆಸರು. ಭೌತಯಂತ್ರವನ್ನು ಆಳುವ ಕರ್ನಲ್ ಆತಿಥೇಯ. ಅದರ ಆಶ್ರಯದಲ್ಲಿ ನಡೆಯುವ ಕೃತಕ ಯಂತ್ರ ಅತಿಥಿ. ಲಿನಕ್ಸಿನಲ್ಲಿ ಈ ಆತಿಥ್ಯದ ಹೊಣೆ ಕೆ.ವಿ.ಎಂ. ಎಂಬ ಭಾಗದ್ದು, ೨೦೦೭ರಲ್ಲಿ ಅದು ಕರ್ನಲ್ಲಿಗೆ ಸೇರಿತು. ಮೊದಲಿನಿಂದಲೂ ಇಲ್ಲಿಯ ನಂಬಿಕೆಯ ವ್ಯವಸ್ಥೆ ಏಕಮುಖವಾದುದು. ಅತಿಥಿಯನ್ನು ಆತಿಥೇಯ ನಂಬುವುದಿಲ್ಲ. ಅತಿಥಿ ಮಾತ್ರ ಆತಿಥೇಯನನ್ನು ನಂಬಲೇಬೇಕು, ಏಕೆಂದರೆ ಅತಿಥಿಯ ಮೆಮೊರಿಯ ಪ್ರತಿಯೊಂದು ಅಕ್ಷರವೂ ಆತಿಥೇಯನ ಕಣ್ಣಿಗೆ ತೆರೆದೇ ಇರುತ್ತದೆ. ಪರರ ಯಂತ್ರಗಳನ್ನು ಬಾಡಿಗೆಗೆ ಹಿಡಿದು ಲೆಕ್ಕಪತ್ರಗಳನ್ನೂ ರೋಗಿಗಳ ದಾಖಲೆಗಳನ್ನೂ ಇರಿಸುವ ಈ ಕಾಲದಲ್ಲಿ ಇದು ಸಣ್ಣ ತೊಡಕಲ್ಲ.

ಎ.ಎಂ.ಡಿ. ಸಂಸ್ಥೆ ೨೦೧೬ರಲ್ಲಿ ವಿವರಿಸಿ ೨೦೧೭ರ ಎಪಿಕ್ ಪ್ರೊಸೆಸರುಗಳಲ್ಲಿ ಹೊರತಂದ ಎಸ್.ಇ.ವಿ. ಎಂಬ ವ್ಯವಸ್ಥೆ ಈ ಏಕಮುಖತೆಯನ್ನು ಮುರಿಯಲು ಹೊರಟಿತು. ಪ್ರತಿಯೊಂದು ಅತಿಥಿಯ ಮೆಮೊರಿಯನ್ನೂ ಅದಕ್ಕೇ ಮೀಸಲಾದ ೧೨೮ ಬಿಟ್ಟುಗಳ ಕೀಲಿಯೊಂದರಿಂದ ಗೂಢಲಿಪಿಗೆ ತಿರುಗಿಸಲಾಗುತ್ತದೆ. ಕೀಲಿಯು ಚಿಪ್ಪಿನೊಳಗಿರುವ ಪ್ರತ್ಯೇಕ ರಕ್ಷಣಾ ಪ್ರೊಸೆಸರಿನ ವಶದಲ್ಲಿರುತ್ತದೆ. ಆತಿಥೇಯನಿಗೆ ಅದು ದೊರೆಯದು. ಈ ಮೊದಲ ರೂಪದಲ್ಲಿ ಒಂದು ಕೊರತೆಯಿತ್ತು. ಅತಿಥಿ ಕೆಲಸ ನಿಲ್ಲಿಸಿ ಆತಿಥೇಯನಿಗೆ ಅಧಿಕಾರ ಒಪ್ಪಿಸಿದಾಗಲೆಲ್ಲ ಅದರ ರಿಜಿಸ್ಟರುಗಳು ಬಿಚ್ಚಿದ ಪುಸ್ತಕದಂತೆ ಕಾಣುತ್ತಿದ್ದುವು. ರಿಜಿಸ್ಟರುಗಳನ್ನೂ ಗೂಢಲಿಪಿಯೊಳಕ್ಕೆ ತರುವ ಎಸ್.ಇ.ವಿ.-ಇ.ಎಸ್. ಎಂಬ ವಿಸ್ತರಣವನ್ನು ೨೦೧೭ರಲ್ಲಿ ಪ್ರಕಟಿಸಲಾಯಿತು; ಕೆ.ವಿ.ಎಂ. ಅದಕ್ಕೆ ಆತಿಥ್ಯ ನೀಡತೊಡಗಿದುದು ೨೦೨೧ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ ೫.೧೧ರಲ್ಲಿ.

ರಿಜಿಸ್ಟರುಗಳನ್ನು ಮುಚ್ಚಿದೊಡನೆ ಹೊಸದೊಂದು ತೊಡಕು ಹುಟ್ಟಿತು. ಅತಿಥಿಗೆ ಆತಿಥೇಯನ ಸಹಾಯ ಬೇಕಾಗುವ ಸಂದರ್ಭಗಳು ಅನೇಕ: ಒಂದು ಪೋರ್ಟಿನಿಂದ ಓದಬೇಕು, ಪ್ರೊಸೆಸರಿನ ಲಕ್ಷಣಗಳನ್ನು ಕೇಳಬೇಕು. ಹಿಂದೆ ಆತಿಥೇಯನು ರಿಜಿಸ್ಟರುಗಳನ್ನು ತಾನೇ ನೋಡಿ ಅತಿಥಿಗೆ ಏನು ಬೇಕೆಂದು ತಿಳಿದುಕೊಳ್ಳುತ್ತಿದ್ದ. ಈಗ ಅತಿಥಿಯೇ ಬಾಯಿಬಿಟ್ಟು ಕೇಳಬೇಕು. ಅದಕ್ಕಾಗಿ ಗೂಢಲಿಪಿಯಿಲ್ಲದ ೪೦೯೬ ಬೈಟುಗಳ ಪುಟವೊಂದನ್ನು ಇಬ್ಬರ ನಡುವೆ ತೆರೆದಿರಿಸಲಾಗುತ್ತದೆ. ಇದಕ್ಕೆ ಜಿ.ಎಚ್.ಸಿ.ಬಿ. ಎಂದು ಹೆಸರು, ಸಂವಾದಪುಟವೆಂದು ಕರೆಯೋಣ. ಸಹಾಯ ಬೇಕಾದಾಗ ಅತಿಥಿಯೊಳಗೆ ೨೯ನೆಯ ಸಂಖ್ಯೆಯ ಅಪವಾದ ಸೂಚನೆಯೊಂದು ಹುಟ್ಟುತ್ತದೆ. ಅದನ್ನು ಸ್ವೀಕರಿಸುವ ಅತಿಥಿಯ ಭಾಗವು ತೋರಿಸಬಹುದಾದಷ್ಟನ್ನು ಮಾತ್ರ ಸಂವಾದಪುಟದಲ್ಲಿ ಬರೆಯುತ್ತದೆ: ತಾನು ಹೊರಬಂದ ಕಾರಣವನ್ನು ತಿಳಿಸುವ ನಿರ್ಗಮನ ಸಂಖ್ಯೆ, ಬೇಕಾದ ಕೆಲವು ಬೆಲೆಗಳು, ಯಾವ ಕಲಮುಗಳನ್ನು ತುಂಬಿದೆಯೆಂಬ ಗುರುತುಗಳು. ಬಳಿಕ ವಿ.ಎಂ.ಜಿ.ಎಕ್ಸಿಟ್ ಎಂಬ ಆಜ್ಞೆಯಿಂದ ಆತಿಥೇಯನನ್ನು ಕರೆಯುತ್ತದೆ. ಆತಿಥೇಯ ಪುಟವನ್ನು ಓದಿ, ಕೋರಿಕೆ ನ್ಯಾಯವಾದುದೇ ಎಂದು ಪರೀಕ್ಷಿಸಿ, ಕೆಲಸ ಮಾಡಿಕೊಟ್ಟು, ಉತ್ತರವನ್ನು ಅಲ್ಲಿಯೇ ಬರೆದು ಹಿಂದಿರುಗಿಸುತ್ತಾನೆ.

ರಹಸ್ಯವನ್ನು ಕಾಯಲು ಕಟ್ಟಿದ ಗೋಡೆಯಲ್ಲಿ ಹೀಗೆ ಒಂದು ಕಿಟಕಿಯನ್ನಿಡುವುದು ಅನಿವಾರ್ಯವಾಯಿತು. ನಮ್ಮ ಕಥೆಯೆಲ್ಲ ಆ ಕಿಟಕಿಯದು.

೩

ದೋಷದ ಸ್ವರೂಪವನ್ನು ಒಂದು ಲೌಕಿಕ ನಿದರ್ಶನದಿಂದ ಸುಲಭವಾಗಿ ತಿಳಿಯಬಹುದು. ಕ್ರಯಪತ್ರವನ್ನು ಬರೆದು ತಂದವನು ಅದನ್ನು ಅಧಿಕಾರಿಯ ಮೇಜಿನ ಮೇಲೆ ಇಡುತ್ತಾನೆ. ಅಧಿಕಾರಿ ಓದಿ, ಎಲ್ಲವೂ ಕ್ರಮವಾಗಿದೆಯೆಂದು ಒಪ್ಪಿ, ಲೇಖನಿಗೆ ಕೈ ಹಾಕುತ್ತಾನೆ. ಆ ಕ್ಷಣದಲ್ಲಿ ಹಾಳೆ ಬದಲಾದರೆ ಅವನು ಓದಿದ್ದು ಒಂದು, ರುಜು ಹಾಕಿದ್ದು ಇನ್ನೊಂದು. ಅವನ ಪರೀಕ್ಷೆಯಲ್ಲಿ ತಪ್ಪಿಲ್ಲ, ರುಜುವಿನಲ್ಲಿಯೂ ತಪ್ಪಿಲ್ಲ. ಪರೀಕ್ಷೆಗೂ ರುಜುವಿಗೂ ಒಂದೇ ಹಾಳೆ ಎಂದು ನಂಬಿದುದೇ ತಪ್ಪು.

ಕೆ.ವಿ.ಎಂ.ನ ಪಾಠದಲ್ಲಿ ನಡೆದುದೂ ಇದೇ. ಕೋರಿಕೆಯನ್ನು ನಿರ್ವಹಿಸುವ ಭಾಗ ಸಂವಾದಪುಟದಿಂದ ನಿರ್ಗಮನ ಸಂಖ್ಯೆಯನ್ನು ಒಮ್ಮೆ ಓದಿಕೊಳ್ಳುತ್ತಿತ್ತು. ಅದಾದ ಸ್ವಲ್ಪದರಲ್ಲಿಯೇ ಪರೀಕ್ಷಿಸುವ ಭಾಗ ಅದೇ ಸಂಖ್ಯೆಯನ್ನು ಅದೇ ಪುಟದಿಂದ ತಾನೂ ಓದುತ್ತಿತ್ತು. ಒಂದು ಓದು ಕಾರ್ಯಕ್ಕೆ, ಒಂದು ಓದು ವಿಚಾರಣೆಗೆ. ಪುಟವನ್ನು ಆತಿಥೇಯ ಓದುತ್ತಿರುವಾಗ ಅದನ್ನು ಬರೆದ ಕೃತಕ ಪ್ರೊಸೆಸರ್ ನಿಂತಿರುತ್ತದೆಯೆಂಬುದು ನಿಜ. ಆದರೆ ಅತಿಥಿಗೆ ಒಂದಕ್ಕಿಂತ ಹೆಚ್ಚು ಕೃತಕ ಪ್ರೊಸೆಸರುಗಳಿದ್ದರೆ ಇನ್ನೊಂದು ನಡೆಯುತ್ತಲೇ ಇರುತ್ತದೆ. ಸಂವಾದಪುಟ ಅದಕ್ಕೂ ಬರೆಯಲು ತೆರೆದಿರುವ ಮೆಮೊರಿಯೇ. ದುರುದ್ದೇಶದ ಅತಿಥಿ ಈ ಎರಡನೆಯ ಪ್ರೊಸೆಸರಿನಿಂದ ಸಂಖ್ಯೆಯನ್ನು ಎಡೆಬಿಡದೆ ಬದಲಾಯಿಸುತ್ತಿದ್ದರೆ, ಒಂದಲ್ಲ ಒಂದು ಸಲ ವಿಚಾರಣೆಗೆ ಸಾಧುವಾದ ಸಂಖ್ಯೆಯೂ ಕಾರ್ಯಕ್ಕೆ ಅಸಾಧುವಾದ ಸಂಖ್ಯೆಯೂ ದೊರೆಯುತ್ತದೆ.

ಆ ಅಸಾಧು ಸಂಖ್ಯೆ ಯಾವುದು? ಪರೀಕ್ಷಕ ಭಾಗ ತಿರಸ್ಕರಿಸುವ ಸಂಖ್ಯೆಗಳಲ್ಲಿ ವಿ.ಎಂ.ಜಿ.ಎಕ್ಸಿಟ್ಟಿನ ಸಂಖ್ಯೆಯೂ ಒಂದು. ಆತಿಥೇಯನನ್ನು ಕರೆಯಲು ಅತಿಥಿ ಬಳಸಿದ ಆಜ್ಞೆಯೇ ಅದು. ಸಂವಾದಪುಟದ ಒಳಗೆ ಅದನ್ನು ಮತ್ತೆ ಬರೆಯುವುದಕ್ಕೆ ನ್ಯಾಯವಾದ ಅರ್ಥವಿಲ್ಲ. ಅದು ಪರೀಕ್ಷೆಯನ್ನು ತಪ್ಪಿಸಿಕೊಂಡು ಒಳನುಗ್ಗಿದರೆ ನಿರ್ವಾಹಕ ಭಾಗ ತನ್ನನ್ನು ತಾನೇ ಮತ್ತೆ ಕರೆಯುತ್ತದೆ. ಒಳಗಿನ ಆ ಕರೆಯೂ ಅದೇ ಪುಟವನ್ನು ಓದುತ್ತದೆ; ಅತಿಥಿಯ ಕೈಚಳಕ ಅಲ್ಲಿಯೂ ಫಲಿಸಿದರೆ ಇನ್ನೊಂದು ಕರೆ. ಪ್ರತಿಯೊಂದು ಕರೆಯೂ ಕರ್ನಲ್ಲಿನ ಸ್ಟ್ಯಾಕಿನಲ್ಲಿ ತನ್ನ ಪಾಲಿನ ಸ್ಥಳವನ್ನು ನುಂಗುತ್ತದೆ. ಸಾಮಾನ್ಯ ೬೪ ಬಿಟ್ ಯಂತ್ರದಲ್ಲಿ ಆ ಸ್ಟ್ಯಾಕಿನ ಅಳತೆ ೧೬ ಕಿಲೋಬೈಟು ಮಾತ್ರ. ಸ್ಟ್ಯಾಕು ತುಂಬಿ ಹರಿದರೆ ಪಕ್ಕದ ಮೆಮೊರಿ ಕೆಡುತ್ತದೆ. ಕೆಟ್ಟ ಮೆಮೊರಿಯನ್ನು ಬುದ್ಧಿವಂತಿಕೆಯಿಂದ ಬಳಸಿಕೊಂಡವನು ಅತಿಥಿಶಾಲೆಯನ್ನು ದಾಟಿ ಮನೆಯ ಒಡೆಯನಾಗಿಬಿಡಬಹುದು.

ಹೀಗೆ ಹೇಳಿದಾಗ ಭಯವನ್ನು ಉತ್ಪ್ರೇಕ್ಷಿಸಿದಂತಾಗಬಾರದು. ೨೦೧೬ರ ಲಿನಕ್ಸ್ ೪.೯ರಿಂದ ಕರ್ನಲ್ಲಿನ ಸ್ಟ್ಯಾಕುಗಳ ಅಂಚಿನಲ್ಲಿ ಕಾವಲುಪುಟಗಳನ್ನಿಡುವ ಏರ್ಪಾಡಿದೆ. ಹರಿವು ಅಲ್ಲಿಗೆ ಮುಟ್ಟಿದೊಡನೆ ಮೌನವಾಗಿ ಕೆಡುವುದರ ಬದಲು ಕೆಲಸ ಅಲ್ಲಿಯೇ ಮುರಿದು ಬೀಳುತ್ತದೆ. ಎರಡು ಓದುಗಳ ನಡುವಣ ಅವಧಿಯೂ ಅತ್ಯಂತ ಕಿರಿದು. ಕಂಪೈಲರು ಪಾಠವನ್ನು ಅಡಕಗೊಳಿಸುವ ರೀತಿಯಿಂದ ಅವು ಅನೇಕ ವೇಳೆ ಒಂದರ ಬೆನ್ನಿಗೊಂದು ಬಂದುಬಿಡುತ್ತವೆ. ಪ್ರತಿ ಸುತ್ತಿನಲ್ಲಿಯೂ ಪಂದ್ಯವನ್ನು ಗೆಲ್ಲುವುದು ಬಹು ಕಷ್ಟವೆಂದು ತಿದ್ದುಪಡಿಯ ಒಕ್ಕಣೆಯೇ ಹೇಳುತ್ತದೆ. ಈ ಎರಡು ಮಾತುಗಳನ್ನೂ ಒಪ್ಪಬೇಕು. ಆದರೂ ಮೊದಲನೆಯದು ಬಾಗಿಲನ್ನು ಮುಚ್ಚುವುದಿಲ್ಲ, ಕೇಡಿನ ಪ್ರಮಾಣವನ್ನು ಇಳಿಸುತ್ತದೆ, ಅಷ್ಟೆ: ಆತಿಥೇಯ ಕುಸಿದರೆ ಅದೇ ಯಂತ್ರದ ಮೇಲಿದ್ದ ನಿರಪರಾಧಿ ಅತಿಥಿಗಳೂ ಅದರೊಡನೆ ಕುಸಿಯುತ್ತಾರೆ. ಎರಡನೆಯದಂತೂ ದಾಳಿಕಾರನ ತಾಳ್ಮೆಯನ್ನು ಕುರಿತ ಮಾತೇ ಹೊರತು ಪಾಠದ ಸಾಧುತ್ವವನ್ನು ಕುರಿತುದಲ್ಲ.

೪

ಈಗ ಪರಿಹಾರವನ್ನು ನೋಡೋಣ. ದೋಷ ಕಂಡೊಡನೆ ಹೊಳೆಯುವ ಉಪಾಯಗಳು ಮೂರು.

ಒಂದು: ನಿರ್ವಾಹಕ ಭಾಗದಲ್ಲಿಯೂ ಆ ಒಂದು ಅಸಾಧು ಸಂಖ್ಯೆಯನ್ನು ತಡೆಯುವುದು. ಮರುಕರೆಗಳ ಸರಪಣಿ ಅಲ್ಲಿಗೆ ಕಡಿಯುತ್ತದೆ. ಇದು ಒಂದೇ ಸಾಲಿನ ಕೆಲಸ. ಆದರೆ ಇದು ಲಕ್ಷಣಕ್ಕೆ ಮದ್ದೇ ಹೊರತು ರೋಗಕ್ಕಲ್ಲ. ನಾಳೆ ಇನ್ನೊಂದು ಕಲಮನ್ನು ಎರಡು ಸಲ ಓದುವವನು ಹುಟ್ಟಿದರೆ ಮತ್ತೊಂದು ಸಾಲನ್ನು ಸೇರಿಸಬೇಕಾಗುತ್ತದೆ. ಎರಡು: ವಿಚಾರಣೆ ಮುಗಿಯುವವರೆಗೆ ಸಂವಾದಪುಟವನ್ನು ಅತಿಥಿಯ ಕೈಗೆ ಸಿಗದಂತೆ ತೆಗೆದಿಡುವುದು. ತತ್ತ್ವತಃ ಇದು ನಿರ್ದುಷ್ಟ. ಆದರೆ ಪ್ರತಿ ಕರೆಗೂ ಅತಿಥಿಯ ಎಲ್ಲ ಪ್ರೊಸೆಸರುಗಳ ವಿಳಾಸಪಟ್ಟಿಗಳನ್ನು ಬದಲಾಯಿಸಿ ಹಳೆಯ ನೆನಪುಗಳನ್ನು ಅಳಿಸಬೇಕು. ಪದೇ ಪದೇ ನಡೆಯುವ ಕಾರ್ಯಕ್ಕೆ ಈ ವೆಚ್ಚ ಹೊರಲಾರದ್ದು. ಮೂರು: ಪುಟದಲ್ಲಿ ತನಗೆ ಬೇಕಾದುದನ್ನೆಲ್ಲ ಆತಿಥೇಯನು ಮೊದಲು ತನ್ನ ಸ್ವಂತ ಮೆಮೊರಿಗೆ ಒಮ್ಮೆ ಪ್ರತಿಮಾಡಿಕೊಂಡು, ವಿಚಾರಣೆಯನ್ನೂ ಕಾರ್ಯವನ್ನೂ ಆ ಪ್ರತಿಯ ಮೇಲೆಯೇ ನಡೆಸುವುದು. ಆಮೇಲೆ ಅತಿಥಿ ಮೂಲವನ್ನು ಎಷ್ಟು ಸಲ ತಿದ್ದಿದರೂ ಚಿಂತೆಯಿಲ್ಲ. ಪ್ರತಿ ಆತಿಥೇಯನ ಪೆಟ್ಟಿಗೆಯಲ್ಲಿರುತ್ತದೆ.

ಬೊಂಜಿನಿಯವರು ಮೂರನೆಯ ದಾರಿಯನ್ನು ಹಿಡಿದರು. ಅದನ್ನು ಅವರು ಮೂರು ಹೆಜ್ಜೆಗಳಲ್ಲಿ ನಡೆದಿರುವುದು ವಿಮರ್ಶಕನ ಗಮನಕ್ಕೆ ಯೋಗ್ಯವಾಗಿದೆ. ಮೊದಲನೆಯ ತಿದ್ದುಪಡಿ ಪ್ರತಿಮಾಡುವ ಕೆಲಸವನ್ನು ಪರೀಕ್ಷೆಗಿಂತ ಮುಂದಕ್ಕೆ ತಂದು, ಅದುವರೆಗೆ ಪ್ರತಿಯೊಳಗೆ ಸೇರದಿದ್ದ ಎರಡನ್ನು ಸೇರಿಸುತ್ತದೆ: ಯಾವ ಕಲಮುಗಳು ತುಂಬಿವೆಯೆಂಬ ಗುರುತುಗಳ ಪಟ್ಟಿ, ಮತ್ತು ದೊಡ್ಡ ದತ್ತಾಂಶವನ್ನು ಎಲ್ಲಿಟ್ಟಿದೆಯೆಂದು ಅತಿಥಿ ಹೇಳುವ ವಿಳಾಸ. ಗುರುತುಗಳ ಪಟ್ಟಿಯನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳಲಾಗುತ್ತದೆ. ಏಕೆಂದರೆ ಉಳಿದ ಯಾವ ಕಲಮನ್ನು ಓದಬೇಕೆಂದು ನಿರ್ಣಯಿಸುವುದೇ ಆ ಪಟ್ಟಿ. ನಿರ್ಣಯದ ಆಧಾರ ಅಲುಗುತ್ತಿದ್ದರೆ ನಿರ್ಣಯವೂ ಅಲುಗುತ್ತದೆ. ಎರಡನೆಯ ತಿದ್ದುಪಡಿ ಪರೀಕ್ಷಕ, ನಿರ್ವಾಹಕ ಭಾಗಗಳೆರಡೂ ಆ ಪ್ರತಿಯಿಂದಲೇ ಓದುವಂತೆ ಮಾಡುತ್ತದೆ. ದೋಷ ನೀಗುವುದು ಇಲ್ಲಿಗೆ.

ಹಾಗಾದರೆ ಮೂರನೆಯದೇಕೆ? ಅದು ಬೇರೇನನ್ನೂ ಮಾಡದೆ, ಆ ಭಾಗಗಳಲ್ಲಿ ಸಂವಾದಪುಟವನ್ನು ನೇರವಾಗಿ ಸೂಚಿಸುತ್ತಿದ್ದ ಚಿಕ್ಕ ಹೆಸರನ್ನು ತೆಗೆದುಹಾಕುತ್ತದೆ. ಯಂತ್ರಕ್ಕೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಮನುಷ್ಯನಿಗೆ ಉಂಟು. ಕೈಗೆಟಕುವ ಹೆಸರೊಂದು ಎದುರಿಗಿದ್ದರೆ ಮುಂದೆ ಬರೆಯುವವನು ಅವಸರದಲ್ಲಿ ಅದನ್ನೇ ಹಿಡಿದು ಪುಟವನ್ನು ಮತ್ತೆ ಓದಿಬಿಟ್ಟಾನು. ಹೆಸರಿಲ್ಲದಿದ್ದರೆ ಅವನು ದೂರದ ದಾರಿಯಿಂದ ಹೋಗಬೇಕಾಗುತ್ತದೆ. ಹೋಗುವಾಗ ಒಂದು ಕ್ಷಣ ನಿಂತು ಯೋಚಿಸುತ್ತಾನೆ. ಮೂರು ತಿದ್ದುಪಡಿಗಳಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿದುದು ಇದು. ಮೊದಲ ಎರಡು ಇಂದಿನ ತಪ್ಪನ್ನು ತಿದ್ದಿದರೆ ಇದು ನಾಳಿನ ತಪ್ಪಿನ ದಾರಿಯನ್ನು ಕಿರಿದುಮಾಡುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಪುಟವನ್ನು ನೇರವಾಗಿ ಮುಟ್ಟುವ ಸಂದರ್ಭಗಳು ತಿದ್ದುಪಡಿಯ ಬಳಿಕವೂ ಕೆಲವು ಉಳಿದಿವೆ: ಉತ್ತರವನ್ನು ಬರೆಯುವಾಗ, ಮತ್ತು ಪುಟದ ಒಳಗೇ ಇರುವ ದತ್ತಾಂಶಭಾಗವನ್ನು ಬಳಸುವಾಗ. ಇದು ಅಸಂಗತವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ಇಲ್ಲೊಂದು ವಿವೇಕವಿದೆ. ಪೋರ್ಟಿಗೆ ಕಳುಹಿಸಬೇಕಾದ ದತ್ತಾಂಶದ ಒಳಗೇನಿದೆಯೆಂದು ಆತಿಥೇಯ ವಿಚಾರಿಸುವುದಿಲ್ಲ, ಹೊತ್ತು ಮುಟ್ಟಿಸುತ್ತಾನೆ. ಅತಿಥಿ ಅದನ್ನು ಮಧ್ಯೆ ಬದಲಾಯಿಸಿದರೆ ಕೆಡುವುದು ಅತಿಥಿಯ ಕೆಲಸವೇ. ಆತಿಥೇಯನಿಗೆ ಮುಖ್ಯವಾದುದು ಆ ಭಾಗದ ಆರಂಭ ಮತ್ತು ಉದ್ದ. ಅವೆರಡನ್ನೂ ಪ್ರತಿಯಿಂದ ಪಡೆಯಲಾಗುತ್ತದೆ. ಆದುದರಿಂದ ನಿಯಮವನ್ನು ಹೀಗೆ ಹೇಳಬಹುದು: ಯಾವುದರ ಮೇಲೆ ತೀರ್ಪು ನಿಂತಿದೆಯೋ ಅದನ್ನು ಪ್ರತಿಮಾಡಿಕೊಳ್ಳಬೇಕು, ಬರಿಯ ಹೊರೆಯಾದುದನ್ನು ಪ್ರತಿಮಾಡಬೇಕಾಗಿಲ್ಲ. ಈ ನಿಯಮ ತಿದ್ದುಪಡಿಯಲ್ಲಿ ಅಂತರ್ಗತವಾಗಿದೆಯೇ ಹೊರತು ಇಷ್ಟು ಸ್ಪಷ್ಟವಾಗಿ ಎಲ್ಲಿಯೂ ನುಡಿದಿಲ್ಲ. ನುಡಿದಿದ್ದರೆ ಒಳ್ಳೆಯದಾಗುತ್ತಿತ್ತು. ೨೦೨೪ರ ಲಿನಕ್ಸ್ ೬.೧೧ರಲ್ಲಿ ಎಸ್.ಎನ್.ಪಿ. ಎಂಬ ಮುಂದಿನ ವಿಸ್ತರಣಕ್ಕೆ ಕೆ.ವಿ.ಎಂ. ಆತಿಥ್ಯ ನೀಡತೊಡಗಿದಾಗ ಮೆಮೊರಿ ಪುಟಗಳ ಸ್ಥಿತಿಯನ್ನು ಬದಲಾಯಿಸುವ ಕೋರಿಕೆಗಳ ಪಟ್ಟಿ ಇದೇ ದತ್ತಾಂಶಭಾಗದಲ್ಲಿ ಬಂದು ಕೂತಿತು. ಅಂಥ ಪಟ್ಟಿ ಬರಿಯ ಹೊರೆಯಲ್ಲ. ಅದರ ಒಂದೊಂದು ಸಾಲಿನ ಮೇಲೂ ತೀರ್ಪು ಬೇಕು. ನಿಯಮ ಎಲ್ಲಿ ಸಡಿಲವಾಗಬಹುದು, ಎಲ್ಲಿ ಆಗಬಾರದು ಎಂಬ ಭೇದ ಅಲ್ಲಿ ಇನ್ನಷ್ಟು ಸೂಕ್ಷ್ಮವಾಗುತ್ತದೆ.

೫

ಪರಿಹಾರ ಸೊಗಸಾಗಿದೆ. ಅಷ್ಟರಿಂದ ವಿಮರ್ಶಕನ ಕೆಲಸ ಮುಗಿಯುವುದಿಲ್ಲ. ಈ ಪರಿಹಾರ ೨೦೨೩ರವರೆಗೆ ಏಕೆ ಕಾಯಬೇಕಾಯಿತೆಂಬುದೇ ಹೆಚ್ಚು ಕಠಿನವಾದ ಪ್ರಶ್ನೆ.

ಏಕೆಂದರೆ ರೋಗವೂ ಹೊಸದಲ್ಲ, ಮದ್ದೂ ಹೊಸದಲ್ಲ. ಬೇರೊಬ್ಬರ ಕೈಯಲ್ಲಿರುವ ಮೆಮೊರಿಯನ್ನು ಕರ್ನಲ್ ಎರಡು ಸಲ ಓದುವುದರಿಂದ ಆಗುವ ಕೇಡನ್ನು ವಿಂಡೋಸ್ ಕರ್ನಲ್ಲಿನಲ್ಲಿ ವ್ಯವಸ್ಥಿತವಾಗಿ ಹುಡುಕಿ ತೋರಿಸಿದ ಅಧ್ಯಯನ ೨೦೧೩ರಲ್ಲಿಯೇ ಬಂದಿತ್ತು. ೨೦೧೫ರ ಡಿಸೆಂಬರಿನಲ್ಲಿ ಕ್ಸೆನ್ ಎಂಬ ಇನ್ನೊಂದು ಆತಿಥೇಯ ವ್ಯವಸ್ಥೆಯವರು ತಮ್ಮ ೧೫೫ನೆಯ ರಕ್ಷಣಾ ಪ್ರಕಟನೆಯಲ್ಲಿ ಇದೇ ವರ್ಗದ ದೋಷವನ್ನು ಸಾರಿದರು. ಅತಿಥಿ ಮತ್ತು ಆತಿಥೇಯ ಚಾಲಕಗಳ ನಡುವಣ ಹಂಚಿಕೆಯ ಪುಟಗಳನ್ನು ಎರಡು ಸಲ ಓದಿದುದು ಅಲ್ಲಿಯೂ ಮೂಲಕಾರಣ. ಕೋರಿಕೆಯನ್ನು ಮೊದಲು ಪ್ರತಿಮಾಡಿಕೊಂಡು ಪ್ರತಿಯ ಮೇಲೆ ಕೆಲಸ ಮಾಡುವುದೇ ಅಲ್ಲಿಯೂ ಮದ್ದು. ಲಿನಕ್ಸಿನೊಳಗಿನ ಕ್ಸೆನ್ ಚಾಲಕಗಳಿಗೂ ಆಗ ಈ ಚಿಕಿತ್ಸೆ ನಡೆಯಿತು.

ಅದು ನೆರೆಮನೆಯ ವಿಚಾರವೆನ್ನಬಹುದು. ಆದರೆ ೨೦೨೧ರಲ್ಲಿ ಕೆ.ವಿ.ಎಂ.ನ ಎ.ಎಂ.ಡಿ. ಭಾಗದಲ್ಲಿಯೇ, ಎಸ್.ಇ.ವಿ. ಕಡತದ ಪಕ್ಕದ ಕಡತದಲ್ಲಿ, ಅದೇ ದೋಷ ಸಿಕ್ಕಿತು. ಅತಿಥಿಯೊಳಗೆ ಮತ್ತೊಂದು ಅತಿಥಿಯನ್ನು ನಡೆಸುವ ವ್ಯವಸ್ಥೆಯಲ್ಲಿ, ಒಳಗಿನ ಅತಿಥಿಯ ನಿಯಂತ್ರಣಪತ್ರವನ್ನು ಆತಿಥೇಯ ಮೊದಲು ಪರೀಕ್ಷಿಸಿ ಬಳಿಕ ಹೊರಗಿನ ಅತಿಥಿಯ ಮೆಮೊರಿಯಿಂದ ಮತ್ತೆ ಓದುತ್ತಿದ್ದ. ಗೂಗಲಿನ ಪ್ರಾಜೆಕ್ಟ್ ಜೀರೊ ತಂಡದ ಫೆಲಿಕ್ಸ್ ವಿಲ್ಹೆಲ್ಮ್ ಅವರು ಆ ಬಿರುಕಿನಿಂದ ಆತಿಥೇಯನ ಪೂರ್ಣ ವಶೀಕರಣದವರೆಗೆ ಹೋಗಬಹುದೆಂದು ಆ ವರ್ಷದ ಜೂನಿನಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಅದಕ್ಕೆ ಆಗಲೇ ಆಗಿದ್ದ ತಿದ್ದುಪಡಿಯ ಶೀರ್ಷಿಕೆಯ ತಾತ್ಪರ್ಯವಿಷ್ಟು: ಪರೀಕ್ಷಿಸುವ ಮೊದಲು ಪ್ರತಿಮಾಡಿಕೊಳ್ಳಿರಿ. ಅದೇ ವರ್ಷದ ಅಕ್ಟೋಬರಿನಲ್ಲಿ ಎಸ್.ಇ.ವಿ. ಕಡತದಲ್ಲಿಯೇ ಬೇರೊಂದು ಗಂಭೀರ ದೋಷ ಹೊರಬಿದ್ದಿತು. ಅಕ್ಷರಮಾಲೆಗಳನ್ನು ಪೋರ್ಟಿಗೆ ಕಳುಹಿಸುವಾಗ ಒಟ್ಟು ಉದ್ದವನ್ನು ಒಂದೊಂದು ಘಟಕದ ಅಳತೆಯಿಂದ ಭಾಗಿಸುವುದನ್ನು ಮರೆತುದರಿಂದ ಎಣಿಕೆ ಹಲವು ಪಟ್ಟು ಉಬ್ಬಿ, ಆತಿಥೇಯನ ಮೆಮೊರಿಯಲ್ಲಿ ಎಲ್ಲೆ ಮೀರಿ ಓದಲು ಬರೆಯಲು ಅತಿಥಿಗೆ ದಾರಿಯಾಗಿತ್ತು. ಅದನ್ನೂ ವಿಲ್ಹೆಲ್ಮ್ ಅವರೇ ತಿಳಿಸಿದರು, ಲಿನಕ್ಸ್ ೫.೧೫ರ ಹೊತ್ತಿಗೆ ತಿದ್ದಲಾಯಿತು.

ಹೀಗೆ ೨೦೨೧ರ ಒಂದೇ ವರ್ಷದಲ್ಲಿ ಎರಡು ಸೂಚನೆಗಳು ಬಂದಿದ್ದುವು. ಒಂದು ರೋಗದ ಜಾತಿಯನ್ನು ಹೇಳಿತು; ಇನ್ನೊಂದು ಯಾವ ಅಂಗವನ್ನು ನೋಡಬೇಕೆಂದು ಹೇಳಿತು. ಎರಡನ್ನೂ ಕೂಡಿಸಿ ಓದಿದ್ದರೆ ೨೦೨೩ರ ದೋಷ ಆಗಲೇ ಕಾಣುತ್ತಿತ್ತು. ಇದನ್ನು ಹೇಳುವಾಗ ನಾವು ಯಾವ ವ್ಯಕ್ತಿಯ ಮೇಲೂ ತಪ್ಪು ಹೊರಿಸುತ್ತಿಲ್ಲ. ಆದದ್ದೆಲ್ಲ ಆದಮೇಲೆ ಕುಳಿತು ಹೇಳುವವನಿಗೆ ಎಲ್ಲವೂ ಸುಲಭ. ಆದರೂ ಕಾರಣವನ್ನು ಹುಡುಕುವುದು ನಮ್ಮ ಕರ್ತವ್ಯ. ನಮ್ಮ ಊಹೆ ಎರಡು ಬಗೆಯದು.

ಮೊದಲನೆಯದು ಮನೋಧರ್ಮಕ್ಕೆ ಸಂಬಂಧಿಸಿದ್ದು. ಎಸ್.ಇ.ವಿ.ಯ ಕಥೆಯಲ್ಲಿ ಅತಿಥಿ ರಕ್ಷಣೀಯ, ಆತಿಥೇಯ ಸಂದೇಹಾಸ್ಪದ. ಅದನ್ನು ಕುರಿತ ಬರಹಗಳೆಲ್ಲ ದುಷ್ಟ ಆತಿಥೇಯನಿಂದ ಅತಿಥಿಯನ್ನು ಉಳಿಸುವ ಬಗೆಯನ್ನೇ ಮಾತಾಡುತ್ತವೆ. ಈ ಮಾತನ್ನು ದಿನವೂ ಕೇಳುವ ಕಿವಿಗೆ ‘ರಕ್ಷಣೀಯ’ ಎಂಬುದು ಮೆಲ್ಲಗೆ ‘ವಿಶ್ವಸನೀಯ’ ಎಂದು ಕೇಳತೊಡಗುವುದು ಅಸಂಭವವಲ್ಲ. ಆದರೆ ಎಸ್.ಇ.ವಿ. ಹಳೆಯ ಅಪನಂಬಿಕೆಯನ್ನು ತೆಗೆದುಹಾಕಲಿಲ್ಲ; ಅದರ ಪಕ್ಕದಲ್ಲಿ ಹೊಸದೊಂದು ಅಪನಂಬಿಕೆಯನ್ನು ಇಟ್ಟಿತು. ಈಗ ಇಬ್ಬರೂ ಒಬ್ಬರನ್ನೊಬ್ಬರು ನಂಬಬಾರದು.

ಎರಡನೆಯದು ಭಾಷೆಗೆ ಸಂಬಂಧಿಸಿದ್ದು. ಸಂವಾದಪುಟದ ಕಲಮುಗಳನ್ನು ಓದಲು ಪಾಠದಲ್ಲಿ ಚಿಕ್ಕ ಚಿಕ್ಕ ಸಹಾಯಕ ಕ್ರಿಯೆಗಳಿದ್ದುವು. ‘ನಿರ್ಗಮನ ಸಂಖ್ಯೆಯನ್ನು ಪಡೆ’ ಎಂಬ ಅರ್ಥದ ಹೆಸರು ಅವುಗಳದು. ಹೆಸರನ್ನು ಓದಿದವನಿಗೆ ಸ್ಥಿರವಾದ ಬೆಲೆಯೊಂದನ್ನು ಪೆಟ್ಟಿಗೆಯಿಂದ ತೆಗೆದಂತೆ ತೋರುತ್ತದೆ. ಪ್ರತಿ ಕರೆಯೂ ಪರರ ಕೈಯಲ್ಲಿರುವ ಹಾಳೆಯನ್ನು ಹೊಸದಾಗಿ ನೋಡುತ್ತದೆಯೆಂಬುದು ತೋರುವುದಿಲ್ಲ. ನಿರುಪದ್ರವಿಯಾಗಿ ಕಾಣುವ ಹೆಸರು ಓದುಗನ ಅನುಮಾನವನ್ನು ಮಲಗಿಸಿತು. ತಿದ್ದುಪಡಿಯಾದ ಮೇಲೂ ಪ್ರತಿಯಿಂದ ಓದುವ ಕ್ರಿಯೆಗೆ ಹೆಚ್ಚು ಕಡಿಮೆ ಅದೇ ಹೆಸರನ್ನಿಟ್ಟುದು ನಮ್ಮ ದೃಷ್ಟಿಯಲ್ಲಿ ೨೦೨೩ರ ಕೆಲಸದ ಒಂದು ಕುಂದು. ಮೂಲವನ್ನು ಮುಟ್ಟುವ ಶಬ್ದಕ್ಕೂ ಪ್ರತಿಯನ್ನು ಮುಟ್ಟುವ ಶಬ್ದಕ್ಕೂ ಕಣ್ಣಿಗೆ ಕಾಣುವ ಭೇದವಿರಬೇಕು.

೬

ಕುಂದುಗಳ ವಿಚಾರ ಬಂದುದರಿಂದ ಇನ್ನೆರಡನ್ನು ಹೇಳಿ ಮುಗಿಸುವೆವು.

ಎರಡನೆಯ ತಿದ್ದುಪಡಿಯ ಶೀರ್ಷಿಕೆ, ಕಲಮುಗಳನ್ನು ಒಮ್ಮೆ ಮಾತ್ರ ಮುಟ್ಟಬೇಕೆಂದು ಘೋಷಿಸುತ್ತದೆ. ಪ್ರೋಗ್ರಾಮು ಬರೆದವನು ಒಮ್ಮೆ ಮುಟ್ಟಿದನೆಂಬುದು ನಿಜ. ಆದರೆ ಸಿ ಭಾಷೆಯಲ್ಲಿ ಬರೆದವನ ಮಾತೇ ಕೊನೆಯ ಮಾತಲ್ಲ. ಸಾಮಾನ್ಯ ಮೆಮೊರಿಯನ್ನು ಬೇರೆ ಯಾರೂ ಬದಲಾಯಿಸುತ್ತಿಲ್ಲವೆಂದು ಭಾವಿಸುವ ಹಕ್ಕು ಕಂಪೈಲರಿಗಿದೆ. ತನಗೆ ಅನುಕೂಲವೆಂದು ತೋರಿದರೆ ಒಂದು ಓದನ್ನು ಎರಡಾಗಿ ಮಾಡಲೂಬಹುದು. ಕ್ಸೆನ್ನಿನ ೨೦೧೫ರ ಪ್ರಕಟನೆ ಕಂಪೈಲರಿನ ಈ ಸ್ವಾತಂತ್ರ್ಯವನ್ನೇ ಎತ್ತಿ ಹೇಳಿತ್ತು. ಲಿನಕ್ಸಿನಲ್ಲಿ ಆ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕುವ ‘ರೀಡ್ ಒನ್ಸ್’ ಎಂಬ ಸಾಧನ ಬಹುಕಾಲದಿಂದ ಇದೆ. ಸಂವಾದಪುಟದ ಕಲಮುಗಳ ಓದಿಗೆ ಅದನ್ನು ಕ್ರಮವಾಗಿ ತೊಡಿಸುವ ತಿದ್ದುಪಡಿ ಬಂದುದು ೨೦೨೫ರಲ್ಲಿ. ಮೇಲೆ ಹೇಳಿದ ಹೆಸರಿನ ಗೊಂದಲವನ್ನೂ ಆ ಸಂದರ್ಭದಲ್ಲಿಯೇ ನಿವಾರಿಸಲು ತೊಡಗಿದರು. ಹಾಗಾಗಿ ೨೦೨೩ರ ಶೀರ್ಷಿಕೆಯಲ್ಲಿದ್ದ ವಾಗ್ದಾನ ಪೂರ್ಣವಾಗಿ ಸಲ್ಲಲು ಮತ್ತೆರಡು ವರ್ಷ ಹಿಡಿಯಿತೆಂದರೆ ತಪ್ಪಾಗದು.

ಇನ್ನೊಂದು ಕುಂದು ಇದಕ್ಕಿಂತ ಆಳವಾದುದು. ಸಾಮಾನ್ಯ ಬಳಕೆದಾರನ ಮೆಮೊರಿಯನ್ನು ಸೂಚಿಸುವ ವಿಳಾಸಗಳಿಗೆ ಲಿನಕ್ಸಿನಲ್ಲಿ ಒಂದು ವಿಶೇಷ ಮುದ್ರೆಯುಂಟು. ಆ ಮುದ್ರೆಯಿರುವ ವಿಳಾಸವನ್ನು ನೇರವಾಗಿ ಓದಿದರೆ ಸ್ಪಾರ್ಸ್ ಎಂಬ ಪರಿಶೋಧಕ ಸಾಧನ ತಪ್ಪನ್ನು ಎತ್ತಿ ತೋರಿಸುತ್ತದೆ. ಪ್ರತಿಮಾಡುವ ಕ್ರಿಯೆಗಳ ಮೂಲಕವೇ ಅದನ್ನು ಓದಬೇಕು. ದಶಕಗಳ ಅನುಭವ ಈ ಶಿಸ್ತನ್ನು ಕಲಿಸಿದೆ. ಅತಿಥಿಯೊಡನೆ ಹಂಚಿಕೊಂಡ ಸಂವಾದಪುಟಕ್ಕೆ ನಾವು ವಿಮರ್ಶಿಸುತ್ತಿರುವ ತಿದ್ದುಪಡಿಗಳು ಅಂಥ ಮುದ್ರೆಯನ್ನು ಒತ್ತಲಿಲ್ಲ. ಆತಿಥೇಯನ ಸ್ವಂತ ಮೆಮೊರಿಯಂತೆಯೇ ಅದು ಪಾಠದಲ್ಲಿ ಕಾಣುತ್ತದೆ. ಮುದ್ರೆಯಿದ್ದ ಮಾತ್ರಕ್ಕೆ ಎರಡು ಸಲ ಓದುವ ತಪ್ಪು ನಿಂತುಬಿಡುವುದಿಲ್ಲ. ಬಳಕೆದಾರನ ಮೆಮೊರಿಯನ್ನು ಎರಡು ಸಲ ಪ್ರತಿಮಾಡಿ ಎಡವಿದ ನಿದರ್ಶನಗಳು ಲಿನಕ್ಸಿನಲ್ಲಿಯೂ ಉಂಟು. ಆದರೂ ಮುದ್ರೆ ಬರೆಯುವವನನ್ನು ಎಚ್ಚರಿಸುತ್ತದೆ. ಶಿಸ್ತನ್ನು ಪಾಲಕರ ನೆನಪಿಗೆ ಬಿಟ್ಟರೆ ಪಾಲಕರು ಬದಲಾದಾಗ ಶಿಸ್ತೂ ಬದಲಾದೀತು. ಪಾಠದಲ್ಲಿಯೇ ಕೆತ್ತಿದ ಶಿಸ್ತು ಉಳಿಯುತ್ತದೆ.

೭

ಒಟ್ಟಿನಲ್ಲಿ ಹೇಳುವುದಾದರೆ, ೨೦೨೩ರ ತಿದ್ದುಪಡಿ ತನ್ನ ವರ್ಗದಲ್ಲಿ ಉತ್ತಮವಾದುದು. ಸುಲಭವಾದ ಒಂದು ಸಾಲಿನ ತೇಪೆಗೆ ತೃಪ್ತಿಪಡದೆ ಅದು ಕ್ರಮವನ್ನೇ ಬದಲಾಯಿಸಿತು. ಮುಂದಿನವರ ಕೈ ತಪ್ಪದಂತೆ ದಾರಿಯನ್ನೂ ಕಿರಿದುಮಾಡಿತು. ಅದರ ಒಕ್ಕಣೆ ದೋಷವನ್ನು ಮುಚ್ಚದೆ, ಹಿಗ್ಗಿಸದೆ ಹೇಳುತ್ತದೆ. ಇದು ಅಲ್ಪ ಗುಣವಲ್ಲ. ತಿದ್ದುಪಡಿಯನ್ನು ಹೇಗೆ ವಿವರಿಸಬೇಕೆಂಬುದಕ್ಕೆ ನಮ್ಮ ವಿದ್ಯಾರ್ಥಿಗಳು ಆ ಕೆಲವು ಪರಿಚ್ಛೇದಗಳನ್ನು ಮಾದರಿಯಾಗಿ ಓದಬಹುದು. ಆದರೆ ಅದು ಹೇಳಬಹುದಾಗಿದ್ದ ನಿಯಮವನ್ನು ಹೇಳಲಿಲ್ಲ, ಇಡಬಹುದಾಗಿದ್ದ ಹೆಸರನ್ನು ಇಡಲಿಲ್ಲ, ಒತ್ತಬಹುದಾಗಿದ್ದ ಮುದ್ರೆಯನ್ನು ಒತ್ತಲಿಲ್ಲ.

ಲಿನಕ್ಸಿನ ಪಾಠ ಎಲ್ಲರಿಗೂ ತೆರೆದಿದೆ. ತಿದ್ದುಪಡಿಗಳ ಒಕ್ಕಣೆಗಳೂ ತೆರೆದಿವೆ. ಪಾಠ ತೆರೆದಿದೆಯೆಂದ ಮಾತ್ರಕ್ಕೆ ಅದನ್ನು ಓದಲಾಗಿದೆಯೆಂದು ಅರ್ಥವಲ್ಲ ಎಂಬುದಕ್ಕೆ ಈ ಎರಡೂವರೆ ವರ್ಷಗಳೇ ಸಾಕ್ಷಿ. ಒಂದು ಕಡತದಲ್ಲಿ ಕಲಿತ ಪಾಠವನ್ನು ಪಕ್ಕದ ಕಡತದಲ್ಲಿ ನೆನೆಯುವ ಓದುಗ ಬೇಕು. ಅಂಥ ಓದು ಬರೆಯುವವರ ಕೆಲಸ ಮಾತ್ರವಲ್ಲ, ನಮ್ಮಂಥ ವಿಭಾಗಗಳ ಕೆಲಸವೂ ಹೌದು. ಯಂತ್ರವು ಪರರ ಹಾಳೆಯನ್ನು ಒಮ್ಮೆ ಮಾತ್ರ ಓದಬೇಕು; ಆ ಯಂತ್ರಕ್ಕೆ ಬರೆದ ಪಾಠವನ್ನಾದರೋ ಮನುಷ್ಯನು ಮತ್ತೆ ಮತ್ತೆ ಓದಬೇಕು.